ಬಟ್ಟಲಿನ ತಳದಲ್ಲಿರುವ ಹೆಸರು ಕುಂಬಾರನದೇ?

ಪ್ರಶ್ನೆ: ನನ್ನ ತಂದೆಯವರು ಎಪ್ಪತ್ತರ ದಶಕದಲ್ಲಿ ಕುವೈತಿನಲ್ಲಿ ಕೆಲಸಕ್ಕಿದ್ದರು. ಅಲ್ಲಿನ ಹಳೆಯ ಮಾರುಕಟ್ಟೆಯಲ್ಲಿ ಒಬ್ಬ ಇರಾನಿ ವ್ಯಾಪಾರಿಯಿಂದ ಬಟ್ಟಲೊಂದನ್ನು ಕೊಂಡು ತಂದಿದ್ದರು. ಒಂದು ಗೇಣಿಗಿಂತ ತುಸು ಹೆಚ್ಚು ಅಗಲ, ಕೆನೆಬಿಳಿ ಮೈ, ಒಳಗಡೆ ಅಂಚಿನ ಸುತ್ತ ಉದ್ದುದ್ದ ಕಪ್ಪು ಅರಬ್ಬಿ ಅಕ್ಷರ. ಮಗುಚಿದರೆ ತಳದ ಬಳೆಯೊಳಗೆ ಒಂದೇ ಒಂದು ಪದ. ಅದು ‘ಸಅದ್’ ಎಂಬ ಪ್ರಸಿದ್ಧ ಕೈರೋ ಕುಂಬಾರನ ಸಹಿ, ಒಂಬೈನೂರು ವರ್ಷ ಹಳೆಯದು ಎಂದು ವ್ಯಾಪಾರಿ ಹೇಳಿದ್ದನಂತೆ. ನಮ್ಮೂರಿನ ಮೌಲ್ವಿಯವರೂ ‘ಸಅದ್’ ಎಂದೇ ಓದಿದರು. ತಂದೆ ತೀರಿಕೊಂಡ ಮೇಲೆ ಬಟ್ಟಲು ನನ್ನ ಬಳಿ ಇದೆ, ಹಣ್ಣು ಇಡಲು ಬಳಸುತ್ತಿದ್ದೆವು. ಹೋದ ತಿಂಗಳು ಸಾಬೂನು ಹಾಕಿ ತೊಳೆದಾಗ ತಳದ ಪದದ ಒಂದು ಕೊನೆ ಮಾಸಿತು. ಅಂಚಿನ ಅಕ್ಷರಗಳಿಗೆ ಏನೂ ಆಗಿಲ್ಲ. ಸಹಿಯನ್ನು ಹಾಳು ಮಾಡಿಬಿಟ್ಟೆನೇ ಎಂಬ ಸಂಕಟ ಹತ್ತಿದೆ. ಸಂಬಂಧಿಕರೊಬ್ಬರು, ‘ಇಸ್ಲಾಮಿನಲ್ಲಿ ಕಸುಬಿನವರು ಹೆಸರು ಬರೆಯುವಂತಿರಲಿಲ್ಲ, ನಮ್ಮ ಬೇಲೂರಿನ ಶಿಲ್ಪಿಗಳ ಹಾಗಲ್ಲ. ಸಹಿ ಇರುವುದು ಸಿಕ್ಕರೆ ಕೋಟಿ ಬೆಲೆ, ಲಂಡನ್ನಿಗೆ ಕಳಿಸಿ ಹರಾಜು ಹಾಕಿಸು’ ಎನ್ನುತ್ತಾರೆ. ಇದು ನಿಜವಾಗಿ ಕುಂಬಾರನ ಸಹಿಯೇ? ನಾನೀಗ ಏನು ಮಾಡಬೇಕು?
(ಓದುಗರೊಬ್ಬರು, ಮಂಗಳೂರು)

ಉತ್ತರ: ಮೊದಲು ನಿಮ್ಮ ಸಂಕಟದ ಮಾತು. ಸಾಬೂನು ನೀರಿಗೆ ಮಾಸಿದ್ದು ಸಾವಿರ ವರ್ಷದ ಹಿಂದಿನ ಸಹಿ ಆಗಿರುವ ಸಾಧ್ಯತೆ ತೀರಾ ಕಡಿಮೆ. ಬೆಂಕಿಯಲ್ಲಿ ಬೆಂದು ಗ್ಲೇಜಿನ, ಅಂದರೆ ಪಾತ್ರೆಯ ಮೇಲಿನ ಗಾಜಿನಂಥ ಲೇಪದ, ಕೆಳಗೆ ಕೂತ ಬಣ್ಣ ಬಟ್ಟೆಗೂ ಬ್ರಷ್ಷಿಗೂ ಬಗ್ಗುವುದಿಲ್ಲ. ಅಂಚಿನ ಅಕ್ಷರ ಹಾಗೆಯೇ ಉಳಿದು ತಳದ ಪದ ಮಾತ್ರ ಮಾಸಿತೆಂದರೆ, ಎರಡೂ ಒಂದೇ ದಿನ, ಒಂದೇ ಕೈಯಿಂದ ಬರೆದವಲ್ಲ ಎಂದೇ ಅರ್ಥ. ತಳದ ಪದವನ್ನು ಯಾರೋ ಆಮೇಲೆ, ಬಹುಶಃ ಮಾರಾಟಕ್ಕೆ ಮುಂಚೆ, ಬರೆದಿರಬೇಕು. ಹಾಗೆಂದು ಬಟ್ಟಲೇ ಹೊಸದು ಎಂದಾಗುವುದಿಲ್ಲ. ನಿಜವಾದ ಹಳೆಯ ಬಟ್ಟಲಿಗೆ ಸುಳ್ಳು ಹೆಸರು ಅಂಟಿಸಿದ್ದನ್ನು ಈ ಕೆಲಸದಲ್ಲಿರುವ ನಾವೆಲ್ಲ ನೋಡಿದ್ದೇವೆ. ಆದ್ದರಿಂದ ಪದದ ವಿಚಾರ ಬೇರೆ, ಬಟ್ಟಲಿನ ವಿಚಾರ ಬೇರೆ ಎಂದು ಇಟ್ಟುಕೊಂಡು ನೋಡೋಣ.

ನಿಮ್ಮ ಸಂಬಂಧಿಕರು ಹೇಳಿದ ಮಾತನ್ನು ನಾನು ತುಂಬಾ ಕಡೆ ಕೇಳಿದ್ದೇನೆ. ಅದು ತಪ್ಪು. ಇಸ್ಲಾಮೀ ಜಗತ್ತಿನ ಕುಂಬಾರರು ಬಹಳ ಹಿಂದಿನಿಂದಲೂ ಹೆಸರು ಬರೆದಿದ್ದಾರೆ. ಒಂಬತ್ತನೇ ಶತಮಾನದ ಇರಾಕಿನ ಬಟ್ಟಲುಗಳನ್ನು ನೋಡಿ. ತವರ ಬೆರೆಸಿ ಹಾಲಿನಂತೆ ಬಿಳಿ ಮಾಡಿದ ಗ್ಲೇಜಿನ ಮೇಲೆ ಕೋಬಾಲ್ಟ್ ನೀಲಿಯಲ್ಲಿ ‘ಸಾಲಿಹನ ಕೆಲಸ’, ‘ಮುಹಮ್ಮದನ ಕೆಲಸ’ ಎಂದು ಬರೆದ ಬಟ್ಟಲುಗಳಿವೆ. ಅದೂ ತಳದಲ್ಲಿ ಅಡಗಿಸಿ ಅಲ್ಲ, ಬಟ್ಟಲಿನ ನಟ್ಟನಡುವೆ, ಉಣ್ಣುವವನ ಕಣ್ಣಿಗೆ ಬೀಳುವಂತೆ. ಮಸೀದಿಯ ಒಳಗೂ ಹೆಸರುಗಳಿವೆ. ಇರಾನಿನ ಕಾಶಾನ್ ಊರಿನ ಮೈದಾನ್ ಮಸೀದಿಯಲ್ಲಿದ್ದ, ಈಗ ಬರ್ಲಿನ್ನಿನ ಮ್ಯೂಸಿಯಂನಲ್ಲಿರುವ ಮಿಹ್ರಾಬಿನಲ್ಲಿ ಕುರಾನಿನ ವಾಕ್ಯಗಳ ಜೊತೆಗೇ 1226ರ ತಾರೀಖೂ ಹಸನ್ ಇಬ್ನ್ ಅರಬ್‌ಶಾಹ್ ಎಂಬ ಕಸುಬಿನವನ ಹೆಸರೂ ಇವೆ. ಮಿಹ್ರಾಬ್ ಎಂದರೆ ಪ್ರಾರ್ಥನೆಗೆ ನಿಂತವರು ಮುಖ ಮಾಡುವ ಗೋಡೆಯ ಗೂಡು. ಧರ್ಮದ ಅಡ್ಡಿ ಇದ್ದಿದ್ದರೆ ಅಲ್ಲಿ ಹೆಸರು ಬರುತ್ತಲೇ ಇರಲಿಲ್ಲ.

ಹೆಚ್ಚಿನ ಮಡಕೆ ಬಟ್ಟಲುಗಳಲ್ಲಿ ಹೆಸರಿಲ್ಲ ಎಂಬುದು ನಿಜ. ಅದಕ್ಕೆ ಕಾರಣ ಸರಳ, ಅವು ದಿನಬಳಕೆಯ ಪಾತ್ರೆಗಳು. ಎಲ್ಲ ಊರಿನ ಎಲ್ಲ ಕುಂಬಾರರ ಕಥೆಯೂ ಇದೇ. ಹೆಸರು ಬರೆದದ್ದು ಯಾವಾಗ, ಯಾಕೆ ಎಂದು ಕೇಳಿದರೆ ಮಾತ್ರ ಕುತೂಹಲದ ವಿಷಯಗಳು ಹೊರಬೀಳುತ್ತವೆ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಅಚ್ಚಿನಲ್ಲಿ ಒತ್ತಿ ಮಾಡಿದ ಒಂದು ಪುಟ್ಟ ತಟ್ಟೆ ಇದೆ, ಉಪ್ಪಿನಕಾಯಿಯಂಥ ವ್ಯಂಜನಗಳನ್ನು ಬಡಿಸಲು ಗುಳಿಗಳಿರುವ ತಟ್ಟೆ. ಒಂಬತ್ತನೇ ಶತಮಾನದ್ದು. ಅದರಲ್ಲಿ ‘ಬಸ್ರಾದ ಅಬೂ ನಸ್ರನ ಕೆಲಸ, ಮಿಸ್ರದಲ್ಲಿ’ ಎಂದಿದೆ. ಮಿಸ್ರ ಅಂದರೆ ಈಜಿಪ್ಟ್. ಮನುಷ್ಯ ಇರಾಕಿನ ಬಸ್ರಾದವನು, ಆವಿಗೆ ಹಾಕಿದ್ದು ಈಜಿಪ್ಟಿನಲ್ಲಿ. ಬೇಲೂರಿನಲ್ಲಿ ಕಲ್ಲು ಕೆತ್ತಿದ ದಾಸೋಜ ತನ್ನನ್ನು ಬಳ್ಳಿಗಾವೆಯವನು ಎಂದು ಹೇಳಿಕೊಂಡ ಹಾಗೆಯೇ ಇದೂ. ಹೊರಗಿನಿಂದ ಬಂದ ಕಸುಬಿನವನಿಗೆ ತನ್ನ ಊರಿನ ಹೆಸರೇ ಬಂಡವಾಳ. ಬಸ್ರಾದ ಕುಂಬಾರರ ಕೈಚಳಕಕ್ಕೆ ಹೆಸರಿತ್ತು, ಈಜಿಪ್ಟಿನ ಗಿರಾಕಿಗೆ ಅದು ತಿಳಿಯಬೇಕಿತ್ತು. ನಿಮ್ಮ ಸಂಬಂಧಿಕರು ಬೇಲೂರಿನ ಹೆಸರೆತ್ತಿದ್ದರಿಂದ ಇದನ್ನು ಹೇಳಿದೆ. ಎರಡೂ ಕಡೆಯ ಕಸುಬಿನವರು ಅವರು ಅಂದುಕೊಂಡಷ್ಟು ಬೇರೆ ಬೇರೆ ಅಲ್ಲ.

ಇನ್ನು ನಿಮ್ಮ ಬಟ್ಟಲಿಗೆ ಅಂಟಿಸಿರುವ ಸಅದ್‌ನ ವಿಷಯ. ವ್ಯಾಪಾರಿ ಆ ಹೆಸರನ್ನು ಗಾಳಿಯಿಂದ ಹಿಡಿದು ತಂದದ್ದಲ್ಲ. ಫಾತಿಮಿ ಖಲೀಫರ ಕಾಲದ ಈಜಿಪ್ಟಿನಲ್ಲಿ, ಹನ್ನೊಂದನೇ ಶತಮಾನದ ಕೊನೆಯಿಂದ ಹನ್ನೆರಡರ ಆರಂಭದ ಸುಮಾರಿಗೆ, ‘ಸಅದ್’ ಎಂಬ ಬರಹವಿರುವ, ಲೋಹದಂತೆ ಮಿರುಗುವ ಲಸ್ಟರ್ ಪಾತ್ರೆಗಳು ತಯಾರಾದವು. ಅವುಗಳಲ್ಲಿ ಹೆಸರಾಂತದ್ದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಬಟ್ಟಲು. ಒಳಗೆ ನಿಲುವಂಗಿ ತೊಟ್ಟ ಕ್ರೈಸ್ತ ಪಾದ್ರಿಯೊಬ್ಬ ಕೈಯಲ್ಲಿ ಧೂಪಪಾತ್ರೆಯಂಥದ್ದನ್ನು ತೂಗುಬಿಟ್ಟು ನಿಂತಿದ್ದಾನೆ, ಹೊರಮೈಯಲ್ಲಿ ‘ಸಅದ್’ ಎಂದಿದೆ. ಮುಸ್ಲಿಂ ಆಳ್ವಿಕೆಯ ಕೈರೋದಲ್ಲಿ ಕಾಪ್ಟಿಕ್ (ಈಜಿಪ್ಟಿನ ಕ್ರೈಸ್ತ) ಪಾದ್ರಿಯ ಚಿತ್ರವಿರುವ ಬಟ್ಟಲು ಆವಿಗೆಯಿಂದ ಇಳಿಯುತ್ತಿತ್ತು ಎಂಬುದೇ ಆ ಪೇಟೆ ಎಷ್ಟು ಬಗೆಯ ಜನರಿಂದ ಕೂಡಿತ್ತು ಎಂದು ಹೇಳುತ್ತದೆ.

ಆದರೆ ಆ ಪದದ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಸಅದ್ ಎಂಬುದು ವ್ಯಕ್ತಿಯ ಹೆಸರೂ ಹೌದು, ‘ಶುಭವಾಗಲಿ’ ಎಂಬ ಹಾರೈಕೆಯೂ ಹೌದು. ಅದೇ ಪದವಿರುವ ಪಾತ್ರೆಗಳ ಚಿತ್ರಶೈಲಿ ಒಂದಕ್ಕೊಂದು ಹೊಂದದಷ್ಟು ಬೇರೆ ಬೇರೆಯಾಗಿದೆ. ಹಾಗಾಗಿ ಅದು ಒಬ್ಬನ ಸಹಿಯೋ, ಒಂದು ಕಾರ್ಖಾನೆಯ ಗುರುತೋ, ಬರೀ ಶುಭಾಶಯವೋ ಎಂಬ ಚರ್ಚೆ ನಡೆದೇ ಇದೆ. ಅದಕ್ಕೂ ಹಿಂದಿನ ‘ಮುಸ್ಲಿಂ’ ಎಂಬ ಕುಂಬಾರನ ವಿಷಯದಲ್ಲಿ ಈ ಗೊಂದಲ ಇಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ರೆಕ್ಕೆ ಬಿಚ್ಚಿದ ಹದ್ದಿನ ಚಿತ್ರವಿರುವ ಅವನ ಬಟ್ಟಲಿದೆ. ಅಥೆನ್ಸಿನ ಬೆನಾಕಿ ಮ್ಯೂಸಿಯಂನಲ್ಲಿರುವ ಒಂದು ತಟ್ಟೆಯ ಚೂರಿನಲ್ಲಿ ಅವನ ಪೂರ್ತಿ ಹೆಸರು ‘ಮುಸ್ಲಿಂ ಇಬ್ನ್ ಅಲ್ ದಹ್ಹಾನ್’ ಎಂದಿದೆ. ಅದನ್ನು ಯಾರಿಗಾಗಿ ಮಾಡಿದ ಎಂಬುದೂ ಇದೆ. ಆ ಗಿರಾಕಿ ಖಲೀಫ ಅಲ್ ಹಾಕಿಮನ ಕಡೆಯವನು. ಹಾಕಿಮ್ ಆಳಿದ್ದು 996ರಿಂದ 1021ರವರೆಗೆ. ಒಂದು ಮುರುಕು ತಟ್ಟೆಯಿಂದ ಕುಂಬಾರನ ಹೆಸರು, ಅವನ ತಂದೆಯ ಕಡೆಯ ಹೆಸರು, ಗಿರಾಕಿ, ಕಾಲ ಎಲ್ಲವೂ ಸಿಕ್ಕವು. ಗಟ್ಟಿಯಾದ ಸಹಿ ಎಂದರೆ ಇದು.

ಈಗ ನಿಮ್ಮ ಬಟ್ಟಲನ್ನು ಇದರ ಪಕ್ಕ ಇಡಿ. ಫಾತಿಮಿ ಸಅದ್‌ನ ಪಾತ್ರೆಗಳೆಲ್ಲ ಲಸ್ಟರ್ ಕೆಲಸದವು. ಒಮ್ಮೆ ಬೆಂದ ಬಿಳಿ ಗ್ಲೇಜಿನ ಮೇಲೆ ಬೆಳ್ಳಿ, ತಾಮ್ರದ ಸಂಯುಕ್ತಗಳನ್ನು ಕಲಸಿ ಬರೆದು, ಎರಡನೇ ಸಲ ಮಂದ ಹೊಗೆಯಲ್ಲಿ ಬೇಯಿಸುತ್ತಾರೆ. ಆಗ ಗ್ಲೇಜಿನ ಮೇಲೆ ಲೋಹದ ತೆಳು ಪೊರೆ ಕೂತು, ಬೆಳಕಿಗೆ ಹಿಡಿದರೆ ಚಿನ್ನದ ಹಾಗೆ ಮಿರುಗುತ್ತದೆ. ನೀವು ಬರೆದಿರುವ ಕೆನೆಬಿಳಿ ಮೈ, ಉದ್ದುದ್ದ ಕಪ್ಪು ಅಕ್ಷರದ ಬಟ್ಟಲು ಬೇರೆಯದೇ ಕುಲದ್ದು. ಅದು ಹತ್ತನೇ ಶತಮಾನದಲ್ಲಿ, ಸಮಾನಿ ದೊರೆಗಳ ಕಾಲದಲ್ಲಿ, ಇರಾನಿನ ನಿಶಾಪುರ ಮತ್ತು ಇಂದಿನ ಉಜ್ಬೇಕಿಸ್ತಾನದ ಸಮರ್ಖಂದದ ಕಡೆ ಮಾಡುತ್ತಿದ್ದ ಬಗೆ. ಕೆಂಪು ಜೇಡಿಮಣ್ಣಿನ ಬಟ್ಟಲಿಗೆ ಬಿಳಿ ಮಣ್ಣಿನ ತೆಳು ಲೇಪ ಕೊಟ್ಟು, ಅದರ ಮೇಲೆ ಕಪ್ಪಿನಲ್ಲಿ ಬರೆದು, ಮೇಲಿಂದ ಸೀಸದ ಪಾರದರ್ಶಕ ಗ್ಲೇಜು ಎರೆದು ಸುಡುತ್ತಿದ್ದರು. ಸಮಾನಿ ಆಳ್ವಿಕೆ 999ರಲ್ಲಿ ಮುಗಿಯಿತು. ಸಅದ್‌ನ ಕಾಲ ಅದಾದ ಮೇಲಿನದು, ಊರು ಸಾವಿರಾರು ಕಿಲೋಮೀಟರ್ ದೂರದ್ದು. ಬಟ್ಟಲು ನಿಜವಾದ ಸಮಾನಿ ಆಗಿದ್ದರೆ ಕೈರೋದ ಸಅದ್‌ ಅದರ ಮೇಲೆ ಸಹಿ ಹಾಕಲು ಸಾಧ್ಯವೇ ಇಲ್ಲ. ವ್ಯಾಪಾರಿಯ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ. ಇದಕ್ಕೆ ಯಾವ ಲ್ಯಾಬೂ ಬೇಕಾಗಲಿಲ್ಲ ನೋಡಿ. ಹೆಸರನ್ನು ಓದುವ ಮೊದಲು ಪಾತ್ರೆಯ ಮಣ್ಣು, ಲೇಪ, ಗ್ಲೇಜು ನೋಡಬೇಕು ಎಂದು ನಾವು ಹಟ ಹಿಡಿಯುವುದು ಇದಕ್ಕೇ.

ಮೌಲ್ವಿಯವರ ಓದಿನಲ್ಲಿ ದೋಷ ಇದೆ ಎನ್ನುತ್ತಿಲ್ಲ. ಈಚೆಗೆ ಬರೆದ ಪದವಾಗಿದ್ದರೆ ಅದನ್ನು ಓದುವುದು ಸುಲಭ. ಅಂಚಿನ ಅಕ್ಷರಗಳನ್ನು ಓದಿ ಎಂದು ಅವರನ್ನು ಕೇಳಿ ನೋಡಿ, ತಡವರಿಸಿದರೆ ಆಶ್ಚರ್ಯವಿಲ್ಲ. ಅದು ಹಳೆಯ ಕೂಫಿ ಬರಹ. ಅಕ್ಷರಗಳಿಗೆ ಚುಕ್ಕೆ ಇಡುವುದಿಲ್ಲ, ಕಾಲುಗಳನ್ನು ಆಳೆತ್ತರಕ್ಕೆ ಎಳೆಯುತ್ತಾರೆ, ಕೊನೆಗಳನ್ನು ಹೆಣೆಯುತ್ತಾರೆ. ಅಚ್ಚಾದ ಕುರಾನನ್ನು ನಿರರ್ಗಳವಾಗಿ ಓದುವವರಿಗೂ ಇದು ಕಷ್ಟ, ಶಾಸನ ಓದಿ ಪಳಗಿದವರೇ ಬೇಕು. ಈ ಜಾತಿಯ ಬಟ್ಟಲುಗಳ ಅಂಚಿನಲ್ಲಿ ಸಾಮಾನ್ಯವಾಗಿ ಗಾದೆಗಳಿರುತ್ತವೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನ ಒಂದು ತಟ್ಟೆಯಲ್ಲಿ, ವಿದ್ಯೆ ಮೊದಮೊದಲು ಕಹಿ, ಕೊನೆಗೆ ಜೇನಿಗಿಂತ ಸಿಹಿ ಎಂದು ಬರೆದು, ಕೊನೆಯಲ್ಲಿ ಕ್ಷೇಮವಾಗಿರಲಿ ಎಂದು ಹಾರೈಸಿದೆ. ಅಗ್ಗದ ಬಟ್ಟಲುಗಳಲ್ಲಿ ‘ಬರಕತ್’ ಎಂಬ ಒಂದೇ ಪದ ಸುತ್ತಲೂ ಮರುಕಳಿಸುತ್ತದೆ, ಎಷ್ಟೋ ಸಲ ಅರ್ಧಂಬರ್ಧ. ಆ ‘ಬರಕತ್’ ಅನ್ನು ಕುಂಬಾರನ ಹೆಸರೆಂದು ತಿಳಿದು ನನ್ನ ಬಳಿ ತಂದವರು ಒಬ್ಬಿಬ್ಬರಲ್ಲ. ಅದು ಊಟ ಮಾಡುವವರಿಗೆ ಒಳ್ಳೆಯದಾಗಲಿ ಎಂಬ ಆಶಯ, ಅಷ್ಟೇ. ಹೆಸರೇ ಇದ್ದರೂ ಅದು ಮಾಡಿದವನದೇ ಆಗಬೇಕಿಲ್ಲ. ಇರಾನಿನ ಅರ್ದಬೀಲ್ ದರ್ಗಾಕ್ಕೆ ಷಾಹ್ ಅಬ್ಬಾಸ್ 1611ರಲ್ಲಿ ಕೊಟ್ಟ ಚೀನಾ ಪಿಂಗಾಣಿಗಳ ಮೇಲೆ ಪರ್ಷಿಯನ್ ಲಿಪಿಯಲ್ಲಿ ಹೆಸರು ಕೊರೆದಿದೆ. ಮಾಡಿದವರು ಚೀನಾದವರು, ಕೊರೆಸಿದವರು ಕೊಟ್ಟವರು ಮತ್ತು ಒಡೆಯರು. ಗ್ಲೇಜನ್ನು ಕೊರೆದು ಕೆತ್ತಿದ ಹೆಸರು ಕಂಡರೆ ಮೊದಲು ಒಡೆಯನನ್ನು ಸಂಶಯಿಸಿ, ಕುಂಬಾರನನ್ನಲ್ಲ.

ಸಹಿಯ ಮಾತು ಬಂದಾಗ ಕಾಶಾನಿನ ಮನೆತನಗಳನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಇಡೀ ಮಧ್ಯಯುಗದ ಇಸ್ಲಾಮೀ ಜಗತ್ತಿನಲ್ಲಿ ಕುಂಬಾರರು ಇಷ್ಟು ಸ್ಪಷ್ಟವಾಗಿ ನಮ್ಮೊಡನೆ ಮಾತಾಡುವುದು ಅಲ್ಲಿ ಮಾತ್ರ. ಇರಾನಿನ ಮರುಭೂಮಿಯ ಅಂಚಿನ ಆ ಊರಿನಲ್ಲಿ ಅಬೂ ಜೈದ್ ಎಂಬವನಿದ್ದ. ಅವನ ಹೆಸರಿರುವ, ತಾರೀಖಿರುವ ಪಾತ್ರೆಗಳು 1186ರಿಂದ 1219ರವರೆಗೆ ಸಿಗುತ್ತವೆ. ಮೊದಲನೆಯವುಗಳಲ್ಲಿ ಒಂದು ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಗ್ಲೇಜಿನ ಮೇಲೆ ಹಲವು ಬಣ್ಣಗಳಲ್ಲಿ ಬರೆಯುವ ಮಿನಾಯಿ ಕೆಲಸದ ಬಟ್ಟಲು, ತಾರೀಖು ಹಿಜರಿ 582ರ ಮೊಹರಂ, ಅಂದರೆ 1186ರ ಮಾರ್ಚ್. ಅಂಚಿನ ಸುತ್ತ ಪರ್ಷಿಯನ್ ಪ್ರೇಮಪದ್ಯಗಳನ್ನು ಬರೆಯುವುದು ಅವನ ರೂಢಿ. ಕೆಲವು ಕಡೆ ಪದ್ಯ ಹೇಳಿದವನೂ ಬರೆದವನೂ ಅಬೂ ಜೈದನೇ, ತನ್ನ ಕೈಬರಹದಲ್ಲೇ ಎಂದು ಒತ್ತಿ ಹೇಳುತ್ತಾನೆ. ತಿಗರಿ ತಿರುಗಿಸುವವನ ಸಹಿಗಿಂತ ಇದು ಕವಿಯ, ಲಿಪಿಕಾರನ ಸಹಿ. ಮಣ್ಣು ಮೆತ್ತಿ ಬಟ್ಟಲು ಎತ್ತಿದವನು ಬೇರೆ ಇದ್ದಿರಲೂಬಹುದು. ‘ಕೆಲಸ’ ಎಂದು ಬರೆದದ್ದಕ್ಕೂ ‘ಬರೆದವನು’ ಎಂದು ಬರೆದದ್ದಕ್ಕೂ ಇರುವ ಅಂತರವನ್ನು ನಾವು ಲಕ್ಷ್ಯಕ್ಕೆ ತೆಗೆದುಕೊಳ್ಳುವುದು ಆ ಕಾರಣಕ್ಕೆ.

ಅದೇ ಊರಿನ ಇನ್ನೊಂದು ಮನೆತನ ಅಬೂ ತಾಹಿರನದು. ಮುಹಮ್ಮದ್ ಇಬ್ನ್ ಅಬೀ ತಾಹಿರ್ ಮತ್ತು ಅಬೂ ಜೈದ್ ಇಬ್ಬರೂ ಸೇರಿ ಮಶ್‌ಹದಿನ ಇಮಾಮ್ ರೆಜಾ ದರ್ಗಾಕ್ಕೆ ಹೆಂಚಿನ ಕೆಲಸ ಮಾಡಿದರು, ಅಲ್ಲಿ 1215ರ ತಾರೀಖಿದೆ. ಮುಹಮ್ಮದನ ಮಗ ಅಲಿ 1265ರಲ್ಲಿ ವರಾಮೀನಿನ ಇಮಾಮ್‌ಜಾದಾ ಯಾಹ್ಯಾ ಗೋರಿಗೆ ಮಾಡಿದ ಲಸ್ಟರ್ ಮಿಹ್ರಾಬ್ ಈಗ ಹವಾಯಿಯ ಹೊನೊಲುಲುವಿನಲ್ಲಿದೆ. ಅಲಿಯ ಮಗ ಯೂಸುಫ್ ಅದೇ ಗೋರಿಗೆ 1305ರಲ್ಲಿ ಮಾಡಿದ ಹೆಂಚಿನ ಫಲಕ ರಷ್ಯಾದ ಹರ್ಮಿಟಾಜ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಕುಂಬಾರನ ಹೆಸರು ಬೇರೆ, ಲಿಪಿ ಬರೆದವನ ಹೆಸರು ಬೇರೆ ಕೊಟ್ಟಿದ್ದಾರೆ. ಅಜ್ಜ, ಮಗ, ಮೊಮ್ಮಗ ಮೂರು ತಲೆಮಾರೂ ತಮ್ಮ ಹೆಸರಿನ ಜೊತೆ ಹಿರಿಯರ ಹೆಸರುಗಳನ್ನು ಪೋಣಿಸಿ ಬರೆದಿದ್ದರಿಂದಲೇ ಈ ವಂಶಾವಳಿ ನಮಗೆ ಸಿಕ್ಕಿತು. ನಡುವೆ ಮಂಗೋಲರ ದಾಳಿಯಾಗಿ ಇರಾನೇ ತತ್ತರಿಸಿತ್ತು ಎಂಬುದನ್ನು ನೆನೆದರೆ ಆ ಸಾಲು ಹೆಸರುಗಳ ಬೆಲೆ ಗೊತ್ತಾಗುತ್ತದೆ.

ಯೂಸುಫನ ಅಣ್ಣತಮ್ಮಂದಿರಲ್ಲಿ ಅಬುಲ್ ಕಾಸಿಮ್ ಎಂಬವನು ಕಸುಬು ಬಿಟ್ಟು ಆಸ್ಥಾನದ ಇತಿಹಾಸಕಾರನಾದ. ಮನೆಯ ವಿದ್ಯೆಯನ್ನು ಮಾತ್ರ ಮರೆಯಲಿಲ್ಲ. 1301ರಲ್ಲಿ ರತ್ನ, ಸುಗಂಧಗಳ ಕುರಿತು ಬರೆದ ಗ್ರಂಥದ ಕೊನೆಗೆ ಕುಂಬಾರಿಕೆಯ ಗುಟ್ಟುಗಳನ್ನೂ ಸೇರಿಸಿದ. ಪುಡಿ ಮಾಡಿದ ಬೆಣಚುಕಲ್ಲು ಹತ್ತು ಪಾಲು, ಗಾಜಿನ ಪುಡಿ ಒಂದು ಪಾಲು, ಬಿಳಿ ಜೇಡಿಮಣ್ಣು ಒಂದು ಪಾಲು, ಇದು ಕಾಶಾನಿನ ಬಿಳಿ ಮೈಯ ಅಳತೆ. ಲಸ್ಟರ್ ಪಾತ್ರೆಯನ್ನು ಆವಿಗೆಯಿಂದ ತೆಗೆದು, ಆರಿದ ಮೇಲೆ ಒದ್ದೆ ಮಣ್ಣಿನಿಂದ ಉಜ್ಜಿದರೆ ಚಿನ್ನದ ಬಣ್ಣ ಹೊರಬರುತ್ತದೆ, ಹದವಾಗಿ ಬೆಂದದ್ದು ಕೆಂಪು ಚಿನ್ನದಂತೆ, ಬಿಸಿಲಿನಂತೆ ಹೊಳೆಯುತ್ತದೆ ಎನ್ನುತ್ತಾನೆ. ಇದನ್ನು ಓದುವಾಗಲೆಲ್ಲ ನನಗೆ ಆ ಮನೆಯವರ ಹೆಮ್ಮೆ ಕೈಗೆ ತಾಗಿದಂತಾಗುತ್ತದೆ. ಅಂಥವರು ಮಿಹ್ರಾಬಿನ ಮೂಲೆಯಲ್ಲಿ ಹೆಸರು ಬರೆದುಕೊಂಡದ್ದರಲ್ಲಿ ಆಶ್ಚರ್ಯವೇನಿದೆ?

ತಳದ ಬಳೆಯೊಳಗೆ ಒಂದೇ ಹೆಸರು ಬರೆಯುವ ರೂಢಿ ಜೋರಾದದ್ದು ಈಜಿಪ್ಟ್, ಸಿರಿಯಾಗಳನ್ನು ಮಮ್ಲೂಕ್ ಸುಲ್ತಾನರು ಆಳುತ್ತಿದ್ದಾಗ. ಕೈರೋ ಪಕ್ಕದ ಫುಸ್ತಾತ್‌ನ ಹಳೆಯ ತಿಪ್ಪೆಗಳನ್ನು ಅಗೆದಾಗ ಇಂಥ ತಳದ ಚೂರುಗಳು ರಾಶಿ ರಾಶಿ ಬಂದವು. ಗೈಬೀ, ಗಜಾಲ್, ಅಲ್ ಶಾಮೀ, ಅಲ್ ಹುರ್ಮುಜೀ ಎಂಬ ಹೆಸರುಗಳು, ಗ್ಲೇಜಿನ ಕೆಳಗೆ. ಗೈಬೀ ತನ್ನನ್ನು ಇರಾನಿನ ತಬ್ರೀಜಿನವನು ಎಂದು ಕರೆದುಕೊಂಡಿದ್ದಾನೆ. ಡಮಾಸ್ಕಸ್‌ನಲ್ಲಿ 1423ರ ಒಂದು ಮಸೀದಿಯ ಹೆಂಚಿನಲ್ಲೂ ಅವನ ಹೆಸರಿದೆ. ಕೈರೋದ ಚೂರುಗಳಲ್ಲಿ ಅದೇ ಹೆಸರನ್ನು ಬೇರೆ ಬೇರೆ ಕೈಗಳು ಬರೆದದ್ದು ಕಣ್ಣಿಗೆ ಹೊಡೆದು ಕಾಣುತ್ತದೆ. ಹಾಗಾಗಿ ಅಲ್ಲಿ ಗೈಬೀ ಎಂದರೆ ಒಬ್ಬ ಮನುಷ್ಯ ಮಾತ್ರವಲ್ಲ, ಒಂದು ಕಾರ್ಖಾನೆಯೂ ಹೌದು. ನಿಮ್ಮ ಬಟ್ಟಲಿಗೆ ಪದ ಬರೆದವರು ಬಹುಶಃ ಈ ಮಮ್ಲೂಕ್ ರೂಢಿಯನ್ನೇ ನೋಡಿ, ಬರೆಯಬೇಕಾದ ಜಾಗ ತಳ ಎಂದು ತೀರ್ಮಾನಿಸಿರಬೇಕು.

ಈಗ ನೀವೇ ಮನೆಯಲ್ಲಿ ಏನು ನೋಡಬಹುದು ಎಂದು ಹೇಳುತ್ತೇನೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಅಕ್ಕಸಾಲಿಗರು ಬಳಸುವಂಥ ಭೂತಕನ್ನಡಿ ಸಾಕು. ಮೇಜಿನ ಮೇಲೆ ದಪ್ಪ ಟವೆಲು ಹಾಸಿ, ಬಟ್ಟಲನ್ನು ಅದರ ಮೇಲಿಡಿ. ಟಾರ್ಚನ್ನು ಪಕ್ಕದಿಂದ, ಮೈಗೆ ಸವರುವಂತೆ ಬಿಡಿ. ಮೊದಲು ಅಂಚಿನ ಒಂದು ಕಪ್ಪು ಅಕ್ಷರ ನೋಡಿ. ಗ್ಲೇಜಿನಲ್ಲಿ ಕೂದಲೆಳೆಯಂಥ ಬಿರುಕುಗಳ ಬಲೆ ಇರುತ್ತದೆ, ಅದು ಅಕ್ಷರದ ಮೇಲೂ ತಡೆಯಿಲ್ಲದೆ ಹಾದುಹೋಗಬೇಕು. ಕಪ್ಪಿನ ಮೇಲೆ ಗ್ಲೇಜಿನ ಪುಟ್ಟ ಗುಳ್ಳೆಗಳು ಕಾಣಬೇಕು. ಆಮೇಲೆ ಬಟ್ಟಲನ್ನು ಮಗುಚಿ ತಳದ ಪದ ನೋಡಿ. ಅದರ ಬಣ್ಣ ಬಿರುಕಿನೊಳಗೆ ಇಳಿದು ಗೆರೆ ಕಟ್ಟಿದೆಯೇ? ಹಳೆಯ ಗೀರಿನ ಮೇಲೆ, ಎದ್ದುಹೋದ ಗ್ಲೇಜಿನ ಗುಳಿಯೊಳಗೆ ಕುಂಚ ಇಳಿದು ಹತ್ತಿದೆಯೇ? ಇದ್ದರೆ ಬಿರುಕು, ಗೀರು, ಗುಳಿ ಎಲ್ಲ ಆದ ಮೇಲೆ ಯಾರೋ ಬರೆದದ್ದು. ಇದಕ್ಕಿಂತ ನೇರವಾದ ಸಾಕ್ಷಿ ಬೇರೆ ಬೇಕಿಲ್ಲ. ನೋಟು ಪರೀಕ್ಷೆ ಮಾಡುವ ಅಲ್ಟ್ರಾವಯಲೆಟ್ ಟಾರ್ಚ್ ಸಿಕ್ಕರೆ ಕತ್ತಲೆ ಕೋಣೆಯಲ್ಲಿ ಬಟ್ಟಲಿನ ಮೇಲೆಲ್ಲ ಆಡಿಸಿ. ಈಚಿನ ಗೋಂದು, ತೇಪೆ, ಮೇಲುಬಣ್ಣ ಗ್ಲೇಜಿಗಿಂತ ಬೇರೆ ಬಗೆಯಲ್ಲಿ ಹೊಳೆಯುತ್ತವೆ. ನೆಲದಿಂದ ಅಗೆದು ತೆಗೆದ ಬಟ್ಟಲುಗಳು ಒಡೆಯದೆ ಸಿಗುವುದು ಅಪರೂಪ, ಕೂಡಿಸಿದ ಗುರುತು ಕಂಡರೆ ಗಾಬರಿ ಬೇಡ. ಎರಡು ಮೂರು ಬಟ್ಟಲುಗಳ ಚೂರು ಸೇರಿಸಿ ಒಂದು ಮಾಡಿದ್ದು ಕಂಡರೆ ಮಾತ್ರ ಅದು ಬೇರೆ ಮಾತು.

ಪದವನ್ನು ಅಸಿಟೋನ್ ಅಥವಾ ನೇಲ್ ಪಾಲಿಶ್ ತೆಗೆಯುವ ದ್ರವದಿಂದ ಒರೆಸಿ ಪರೀಕ್ಷಿಸಬೇಡಿ. ಅದು ಹಳೆಯ ತೇಪೆಗಳನ್ನು ಸಡಿಲಿಸಿ ಬಟ್ಟಲನ್ನೇ ಬಿಡಿಬಿಡಿ ಮಾಡಬಹುದು. ಹೊಸ ಬಣ್ಣದ ಕೆಳಗೆ ನಿಜವಾದ ಹಳೆಯ ಗುರುತು ಏನಾದರೂ ಉಳಿದಿದ್ದರೆ ಮೇಲಿನ ಆ ಬಣ್ಣವನ್ನು ಸಂರಕ್ಷಣಾ ತಜ್ಞರು ಸೂಕ್ಷ್ಮದರ್ಶಕದ ಕೆಳಗೆ ನಿಧಾನವಾಗಿ ತೆಗೆಯಬೇಕು. ಇನ್ನೊಂದು ಮಾತು, ಹಣ್ಣನ್ನಷ್ಟೇ ಅಲ್ಲ, ತಿನ್ನುವ ಯಾವುದನ್ನೂ ಇನ್ನು ಆ ಬಟ್ಟಲಿನಲ್ಲಿ ಇಡಬೇಡಿ. ಸೀಸದ ಗ್ಲೇಜಿಗೆ ಮೊಸರು, ನಿಂಬೆ, ಹುಣಸೆಯಂಥ ಹುಳಿ ತಾಗಿದರೆ ಸೀಸ ಆಹಾರಕ್ಕೆ ಇಳಿಯುತ್ತದೆ. ಮನೆಯಲ್ಲಿ ಮಕ್ಕಳಿದ್ದರಂತೂ ಇಂದೇ ತೆಗೆದಿಡಿ.

ಬಟ್ಟಲು ಹಳೆಯದೇ ಎಂದು ತಿಳಿಯಲು ಥರ್ಮೊಲ್ಯೂಮಿನೆಸೆನ್ಸ್ ಎಂಬ ಪರೀಕ್ಷೆ ಇದೆ. ಮಣ್ಣಿನೊಳಗಿನ ಬೆಣಚಿನ ಕಣಗಳು ಸುಟ್ಟ ದಿನದಿಂದ ಸುತ್ತಲಿನ ವಿಕಿರಣವನ್ನು ಹೀರಿ ಕೂಡಿಡುತ್ತಾ ಬರುತ್ತವೆ. ಪ್ರಯೋಗಾಲಯದಲ್ಲಿ ಮತ್ತೆ ಕಾಯಿಸಿದರೆ ಅದು ಬೆಳಕಾಗಿ ಹೊರಬರುತ್ತದೆ, ಅದರಿಂದ ಕೊನೆಯ ಸುಡುವಿಕೆ ಎಷ್ಟು ಹಿಂದೆ ಆಯಿತೆಂದು ಲೆಕ್ಕ ಹಾಕುತ್ತಾರೆ. ಸಾವಿರ ವರ್ಷದ್ದೋ ಐವತ್ತು ವರ್ಷದ್ದೋ ಎಂದು ಬೇರ್ಪಡಿಸಲು ಇದು ಸಾಕು, ಶತಮಾನ ಹೇಳುವಷ್ಟು ನಿಖರ ಅಲ್ಲ. ತಳದಿಂದ ಸಣ್ಣ ರಂಧ್ರ ಕೊರೆದು ಪುಡಿ ತೆಗೆಯಬೇಕಾಗುತ್ತದೆ, ಆ ಗಾಯ ಉಳಿದೇ ಉಳಿಯುತ್ತದೆ. ಕೂಡಿಸಿದ ಬಟ್ಟಲಾದರೆ ಕೊರೆದ ತುಂಡಿನ ವಯಸ್ಸು ಮಾತ್ರ ಸಿಗುತ್ತದೆ. ಅದಕ್ಕೂ ಮೊದಲು ಎಕ್ಸ್‌ರೇ ತೆಗೆಸಿದರೆ ಲೆಕ್ಕ ಕೆಡುತ್ತದೆ, ಆದ್ದರಿಂದ ಯಾವುದು ಮೊದಲು ಎಂದು ಪ್ರಯೋಗಾಲಯದವರನ್ನು ಕೇಳಿಯೇ ಮುಂದುವರಿಯಿರಿ. ಸಹಿ ನಿಜವೋ ಸುಳ್ಳೋ ಎಂಬುದಕ್ಕಂತೂ ಈ ಪರೀಕ್ಷೆ ಉತ್ತರ ಕೊಡುವುದಿಲ್ಲ. ನಾನಾದರೆ ಮೊದಲು ಭೂತಕನ್ನಡಿ ಹಿಡಿದು ನೋಡಿ, ಅಂಚಿನ ಬರಹವನ್ನು ಓದಿಸಿ, ಆಮೇಲಷ್ಟೇ ಕೊರೆಯುವ ಯೋಚನೆ ಮಾಡುತ್ತೇನೆ.

ಲಂಡನ್ನಿಗೆ ಕಳಿಸುವ ಮಾತನ್ನು ದಯವಿಟ್ಟು ಇಲ್ಲಿಗೇ ಬಿಡಿ. ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ಕಲಾವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ವಸ್ತು ಇರಾನಿನದು, ಕೊಂಡದ್ದು ಕುವೈತಿನಲ್ಲಿ ಎಂಬುದು ಇಲ್ಲಿ ರಕ್ಷಣೆಗೆ ಬರುವುದಿಲ್ಲ. ಈಗ ಅದು ಭಾರತದಲ್ಲಿದೆ. ಹೊಸದೆಂದು ಸಾಬೀತಾದರೆ ಭಾರತೀಯ ಪುರಾತತ್ವ ಇಲಾಖೆಯಿಂದ ‘ಪುರಾತನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯಬಹುದು, ಆದರೆ ಹೊಸದಾದರೆ ಲಂಡನ್ನಿಗೆ ಕಳಿಸಿ ಪ್ರಯೋಜನವೂ ಇಲ್ಲ. ಒಳದೇಶದಲ್ಲಿ ಪುರಾತನ ವಸ್ತುಗಳ ವ್ಯಾಪಾರ ನಡೆಸುವವರಿಗೆ ಪರವಾನಗಿ ಇರಬೇಕು, ಮಾರುವುದಾದರೆ ಅಂಥ ವ್ಯಾಪಾರಿಯ ಮೂಲಕ ಹೋಗುವುದು ಕ್ಷೇಮ. ನೋಂದಣಿ ಬೇಕೇ ಎಂಬುದನ್ನು ಪುರಾತತ್ವ ಇಲಾಖೆಯ ಕಚೇರಿಯಲ್ಲೇ ಕೇಳಿ, ದಲ್ಲಾಳಿಗಳನ್ನಲ್ಲ. ‘ಸಅದ್‌ನ ಸಹಿ’ ಎಂದು ಹೇಳಿಕೊಂಡು ಮಾರಲು ಮಾತ್ರ ಹೋಗಬೇಡಿ. ಸಂಶಯವಿದೆ ಎಂದು ಗೊತ್ತಿದ್ದೂ ಹೇಳದೆ ಮಾರಿದರೆ ನಾಳೆ ತೊಂದರೆ ನಿಮ್ಮ ಕುತ್ತಿಗೆಗೇ. ಸುಳ್ಳು ಸಹಿ ಇದೆ ಎಂದು ಗೊತ್ತಾದ ಬಟ್ಟಲಿನ ಬೆಲೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಸಹಿಯಿಲ್ಲದ ನಿಜವಾದ ಸಮಾನಿ ಬಟ್ಟಲು, ಪ್ರಾಮಾಣಿಕವಾಗಿ ವಿವರ ಕೊಟ್ಟರೆ, ಅದಕ್ಕಿಂತ ಎಷ್ಟೋ ಮೇಲು.

ದಾಖಲೆಯ ವಿಷಯದಲ್ಲೂ ನೇರವಾಗಿ ಹೇಳಬೇಕು. ಇರಾನಿನಲ್ಲಿ 1930ರಿಂದಲೇ ಪುರಾತನ ವಸ್ತುಗಳ ಕಾನೂನಿದೆ. 1970ರ ಯುನೆಸ್ಕೊ ಒಪ್ಪಂದವಾದ ಮೇಲೆ, ಅದಕ್ಕೂ ಮುಂಚೆ ವಸ್ತು ತನ್ನ ದೇಶ ಬಿಟ್ಟಿತ್ತು ಎಂಬ ಕಾಗದವನ್ನು ದೊಡ್ಡ ಮ್ಯೂಸಿಯಂಗಳೂ ಹರಾಜು ಸಂಸ್ಥೆಗಳೂ ಕೇಳುತ್ತವೆ. ನಿಮ್ಮ ತಂದೆಯವರು ಕೊಂಡದ್ದು ಎಪ್ಪತ್ತರ ದಶಕದಲ್ಲಿ. ಅವರ ಮೇಲೆ ತಪ್ಪು ಹೊರಿಸುತ್ತಿಲ್ಲ, ಅಂದು ಆ ಮಾರುಕಟ್ಟೆಯಲ್ಲಿ ಸಾವಿರಾರು ಜನ ಹಾಗೆ ಕೊಂಡರು. ಆದರೆ ಈ ಪ್ರಶ್ನೆ ಎದುರಾಗಿಯೇ ಆಗುತ್ತದೆ ಎಂಬುದು ನಿಮಗೆ ಗೊತ್ತಿರಲಿ.

ನನ್ನ ಸಲಹೆ ಕೇಳಿದರೆ, ಬಟ್ಟಲನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಇಲ್ಲವೇ ಮ್ಯೂಸಿಯಂ ಒಂದಕ್ಕೆ ತೋರಿಸಿ. ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಂನಲ್ಲಿ ಪಶ್ಚಿಮ ಏಷ್ಯಾದ ವಸ್ತುಗಳ ಸಂಗ್ರಹವಿದೆ, ಅಲ್ಲಿಂದ ವಿಚಾರಣೆ ಶುರುಮಾಡಬಹುದು. ಅದಕ್ಕೂ ಮುಂಚೆ ಬೀದರಿಗೆ ಹೋಗಿಬನ್ನಿ. ಇರಾನಿನ ಗೀಲಾನಿನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಗೋಡೆಯಲ್ಲಿ ಬಣ್ಣದ ಹೆಂಚಿನ ಕೆಲಸ ಇನ್ನೂ ಉಳಿದಿದೆ. ಐನೂರು ವರ್ಷ ಬಿಸಿಲು ಮಳೆ ತಿಂದ ಗ್ಲೇಜು ಹೇಗೆ ಸವೆಯುತ್ತದೆ, ಎಲ್ಲಿ ಎದ್ದುಹೋಗುತ್ತದೆ, ಅದರ ಬಣ್ಣ ಹೇಗೆ ಉಳಿಯುತ್ತದೆ ಎಂದು ಹತ್ತಿರದಿಂದ ನೋಡಿದರೆ ನಿಮ್ಮ ಬಟ್ಟಲನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಊರಾಚೆ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾಹ್‌ನ ಗೋರಿಯೂ ಇದೆ. ಅದರ ಒಳಗೋಡೆಯ ವರ್ಣಚಿತ್ರಗಳಲ್ಲಿ ಶುಕ್ರುಲ್ಲಾ ಕಜ್ವೀನಿ ಎಂಬ ಇರಾನಿ ಚಿತ್ರಕಾರ ಹೆಸರು ಬರೆದಿದ್ದಾನೆ. ನಿಮ್ಮ ಸಂಬಂಧಿಕರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಮ್ಯೂಸಿಯಂನವರಿಗೆ ಬರೆಯುವಾಗ ಫೋಟೊಗಳನ್ನು ಹೀಗೆ ತೆಗೆಯಿರಿ: ಒಳಗಿನ ನೋಟ, ಹೊರಮೈ, ತಳ, ಅಂಚಿನ ಬರಹವನ್ನು ಸುತ್ತಲೂ ಎಂಟು ಹತ್ತು ತುಂಡುಗಳಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಫ್ಲ್ಯಾಶ್ ಇಲ್ಲದೆ, ಕಿಟಕಿಯ ಬೆಳಕಿನಲ್ಲಿ. ಮಾಸಿದ ಪದವನ್ನು ಮುಟ್ಟದೆ ಹಾಗೆಯೇ ಬಿಡಿ, ಅದು ಮಾಸಿದ ರೀತಿಯೇ ಈಗ ಸಾಕ್ಷಿ. ತಂದೆಯವರ ಕಾಗದಪತ್ರಗಳಲ್ಲಿ ಹಳೆಯ ಪಾಸ್‌ಪೋರ್ಟ್, ಅಂಗಡಿಯ ಚೀಟಿ, ಬಟ್ಟಲು ಕಾಣುವ ಯಾವುದಾದರೂ ಹಳೆಯ ಫೋಟೊ ಇದೆಯೇ ಹುಡುಕಿ ಅದನ್ನೂ ಲಗತ್ತಿಸಿ. ವ್ಯಾಪಾರಿ ಹೇಳಿದ ಮಾತುಗಳಲ್ಲಿ ನಿಮ್ಮ ತಾಯಿಯವರಿಗೋ ಹಿರಿಯರಿಗೋ ನೆನಪಿರುವುದನ್ನು ತಾರೀಖು ಹಾಕಿ ಬರೆದಿಡಿ, ವರ್ಷ ನಿಖರವಾಗಿ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ.